ಡಿಡಕ್ಟಿಬಲ್ ಬೇರೆ, ಕೋಪೇ ಬೇರೆ

ಅಮೆರಿಕಕ್ಕೆ ಬಂದಿಳಿದ ಕೂಡಲೇ ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಫಾರಂ ಕೈಗೆ ಬಂದಿದೆ; ಪ್ರೀಮಿಯಂ, ಡಿಡಕ್ಟಿಬಲ್, ಕೋಪೇ, ಕೋಇನ್ಶೂರೆನ್ಸ್ ಎಲ್ಲವೂ ನಾವೇ ಕೊಡೋ ದುಡ್ಡಲ್ವಾ ಅಂತ ಕೇಳಿದ್ದೀರಿ. ಕೊಡೋರು ನಾವೇ, ನಿಜ. ಆದರೆ ಒಂದೊಂದಕ್ಕೂ ಸಮಯ ಬೇರೆ.

ಪ್ರೀಮಿಯಂ ನಿಮಗೆ ಗೊತ್ತಿರೋದೇ: ಕಾಯಿಲೆ ಬರಲಿ ಬಿಡಲಿ, ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಕೋಪೇ ಅಂದರೆ ಡಾಕ್ಟರ ಭೇಟಿಗೋ ಔಷಧಿಗೋ ಇಷ್ಟು ಡಾಲರ್ ಅಂತ ಮೊದಲೇ ಗೊತ್ತುಮಾಡಿದ ಮೊತ್ತ. ಎಲ್ಲರೂ ಎಡವೋದು ಉಳಿದೆರಡರಲ್ಲಿ. ಡಿಡಕ್ಟಿಬಲ್ ಅಂದರೆ ಇನ್ಶೂರೆನ್ಸಿನವರು ಪಾಲು ಕೊಡೋಕೆ ಶುರುಮಾಡೋ ಮುಂಚೆ ವರ್ಷಕ್ಕೆ ನೀವೇ ಪೂರ್ತಿ ಕಟ್ಟಬೇಕಾದ ಮೊತ್ತ; ಕೋಇನ್ಶೂರೆನ್ಸ್ ಅಂದರೆ ಆಮೇಲಿನ ಖರ್ಚಿನಲ್ಲಿ ನಿಮ್ಮ ಶೇಕಡಾವಾರು ಪಾಲು.

ಡಿಡಕ್ಟಿಬಲ್ 1,500 ಡಾಲರ್, ಕೋಇನ್ಶೂರೆನ್ಸ್ ಶೇ. 20 ಅಂತಿಟ್ಟುಕೊಳ್ಳಿ. ವರ್ಷದ ಮೊದಲ ಚಿಕಿತ್ಸೆಗೆ, ಇನ್ಶೂರೆನ್ಸಿನವರು ಒಪ್ಪಿದ ದರದಲ್ಲಿ, 4,000 ಡಾಲರ್ ಆಯಿತು. ಮೊದಲ 1,500 ಪೂರ್ತಿ ನಿಮ್ಮ ತಲೆಗೆ. ಉಳಿದ 2,500ರಲ್ಲಿ ಶೇ. 20, ಅಂದರೆ 500. ಒಟ್ಟು 2,000. ಹೀಗೆ ಕೊಡ್ತಾ ಕೊಡ್ತಾ ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್ (ವರ್ಷಕ್ಕೆ ನಿಮ್ಮ ಕೈಯಿಂದ ಹೋಗೋ ದುಡ್ಡಿನ ಮಿತಿ) ಮುಟ್ಟಿದರೆ, ಆ ವರ್ಷ ಪ್ಲಾನಿನೊಳಗೆ ಬರೋ ಮುಂದಿನ ಖರ್ಚೆಲ್ಲ ಅವರದು. ಪ್ರೀಮಿಯಂ ಈ ಲೆಕ್ಕಕ್ಕೆ ಸೇರಲ್ಲ, ಅದನ್ನ ಕಟ್ಟುತ್ತಲೇ ಇರಬೇಕು. ಪ್ಲಾನಿನ ವರ್ಷ ತಿರುಗಿದರೆ, ಸಾಮಾನ್ಯವಾಗಿ ಜನವರಿ 1ಕ್ಕೆ, ಎಲ್ಲ ಮತ್ತೆ ಸೊನ್ನೆಯಿಂದ. ಡಿಡಕ್ಟಿಬಲ್ ತೀರಿದ್ದರೆ, ಮುಂದೂಡುತ್ತಾ ಬಂದ ಎಂಆರ್‌ಐಯನ್ನ ಡಿಸೆಂಬರಿನಲ್ಲೇ ಮುಗಿಸಿಬಿಡಿ.

ಡಾಕ್ಟರ ಆಫೀಸಿಗೆ ಫೋನ್ ಮಾಡಿದಾಗ "ನನ್ನ ಇನ್ಶೂರೆನ್ಸ್ ತಗೋತೀರಾ?" ಅಂತಷ್ಟೇ ಕೇಳಬೇಡಿ. "ತಗೋತೀವಿ" ಅಂದರೆ ಕ್ಲೇಮ್ ಕಳಿಸ್ತೀವಿ ಅನ್ನೋದಷ್ಟೇ ಇರಬಹುದು. ಕಾರ್ಡಿನಲ್ಲಿರೋ ಪ್ಲಾನಿನ ಹೆಸರು ಓದಿ ಹೇಳಿ, "ಇದಕ್ಕೆ ಇನ್ ನೆಟ್‌ವರ್ಕ್ ಇದ್ದೀರಾ?" ಅನ್ನಿ; ಅಂದರೆ ಆ ಪ್ಲಾನಿನ ಜೊತೆ ದರದ ಒಪ್ಪಂದ ಇದೆಯಾ ಅಂತ. ರಕ್ತಪರೀಕ್ಷೆ ಯಾವ ಲ್ಯಾಬಿಗೆ ಹೋಗುತ್ತೆ ಅಂತಲೂ ಕೇಳಿ. ಡಾಕ್ಟರು ನೆಟ್‌ವರ್ಕಿನೊಳಗೆ, ಲ್ಯಾಬು ಹೊರಗೆ ಅನ್ನೋದು ಇಲ್ಲಿ ಮಾಮೂಲು.

ಇನ್ನೊಂದು ಜೋಡಿ: ಪ್ರಿವೆಂಟಿವ್ (ಕಾಯಿಲೆ ಬರದಂತೆ ಮುನ್ನೆಚ್ಚರಿಕೆಗೆ) ಮತ್ತು ಡಯಾಗ್ನೋಸ್ಟಿಕ್ (ಇರೋ ತೊಂದರೆಯ ಕಾರಣ ಹುಡುಕೋಕೆ). 2010ರ ಅಫೋರ್ಡಬಲ್ ಕೇರ್ ಆಕ್ಟ್ ಪ್ರಕಾರ ವಾರ್ಷಿಕ ತಪಾಸಣೆ, ಲಸಿಕೆಯಂಥವು ಪ್ರಿವೆಂಟಿವ್. ನೆಟ್‌ವರ್ಕಿನೊಳಗೆ ಮಾಡಿಸಿದರೆ ಬಹುತೇಕ ಪ್ಲಾನುಗಳಲ್ಲಿ ಪುಕ್ಕಟೆ. ಅದೇ ಭೇಟಿಯಲ್ಲಿ "ಮಂಡಿ ನೋವು ಡಾಕ್ಟ್ರೇ" ಅಂತ ಶುರುಮಾಡಿದಿರೋ, ಆ ಭಾಗಕ್ಕೆ ಡಯಾಗ್ನೋಸ್ಟಿಕ್ ಅಂತ ಬೇರೆ ಬಿಲ್ಲಿಂಗ್ ಕೋಡ್ ಬಿದ್ದು ಬಿಲ್ ಬರಬಹುದು. ಹಾಗಂತ ನೋವು ಮುಚ್ಚಿಡಬೇಡಿ, ಬಿಲ್ ಯಾಕೆ ಬಂತು ಅಂತ ಗೊತ್ತಿರಲಿ, ಅಷ್ಟೇ.

ಚಿಕಿತ್ಸೆ ಆದಮೇಲೆ ಇನ್ಶೂರೆನ್ಸಿನಿಂದ ಎಕ್ಸ್‌ಪ್ಲನೇಶನ್ ಆಫ್ ಬೆನಿಫಿಟ್ಸ್ ಅನ್ನೋ ಕಾಗದ ಬರುತ್ತೆ; ಖರ್ಚಲ್ಲಿ ಅವರ ಪಾಲೆಷ್ಟು, ನಿಮ್ಮ ಪಾಲೆಷ್ಟು ಅನ್ನೋ ವಿವರ ಅದರಲ್ಲಿರುತ್ತೆ. ಮೊತ್ತ ನೋಡಿ ಹೌಹಾರಿ ದುಡ್ಡು ಕಟ್ಟೋಕೆ ಹೋಗಬೇಡಿ, ಅದು ಬಿಲ್ ಅಲ್ಲ. ಆಸ್ಪತ್ರೆಯ ಬಿಲ್ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಪಾಲು ಎರಡರಲ್ಲೂ ಒಂದೇ ಇದ್ದರೆ ಕಟ್ಟಿ. ಬಿಲ್ಲಿನಲ್ಲೇ ಜಾಸ್ತಿ ಇದ್ದರೆ ಮೊದಲು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಫೋನ್ ಮಾಡಿ, ಐಟಮೈಸ್ಡ್ ಬಿಲ್, ಅಂದರೆ ಒಂದೊಂದು ಖರ್ಚನ್ನೂ ಬಿಡಿಬಿಡಿಯಾಗಿ ತೋರಿಸೋ ಬಿಲ್, ಕೇಳಿ.