ಪ್ರತಿಕ್ರಿಯೆ: ಒಂದೇ ಸಮೀಕ್ಷೆಯಲ್ಲಿ ಬಡವರ ಸಂಖ್ಯೆ ಎರಡು ಥರ ಬರುತ್ತಿದೆ, ಯಾವುದು ಸರಿ?

ಆದಾಯದ ರೇಖೆ ಹಾಕಿದರೆ ಬಡವರು ಕಡಿಮೆ, ಜಾಗತಿಕ ಬಹು ಆಯಾಮದ ಬಡತನ ಸೂಚ್ಯಂಕ ಹಾಕಿದರೆ ಜಾಸ್ತಿ ಅಂದಿರಲ್ವಾ, ಅದು ತಪ್ಪೇ ಆಗಿರಬೇಕಿಲ್ಲ. ರೇಖೆ ನೋಡುವುದು ಕೈಗೆ ಬರುವ ದುಡ್ಡು. ಸೂಚ್ಯಂಕ ನೋಡುವುದು ಆರೋಗ್ಯ, ಶಿಕ್ಷಣ, ಜೀವನಮಟ್ಟದಲ್ಲಿ ಏನೇನು ಇಲ್ಲ ಅಂತ.

ಆದರೂ ಮೊದಲು ಸೂಚ್ಯಂಕದ ಪ್ರತಿ ಸೂಚಕಕ್ಕೆ ಎಷ್ಟು ತೂಕ ಕೊಟ್ಟಿದ್ದೀರಿ ನೋಡಿ. ನಿಮ್ಮ ಹಾಳೆ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಹತ್ತೂ ಸೂಚಕಗಳಿಗೆ ಸಮ ತೂಕ ಕೊಟ್ಟಿದ್ದರೆ ಎಡವಟ್ಟು ಅಲ್ಲೇ. ಆರೋಗ್ಯ, ಶಿಕ್ಷಣದ ನಾಲ್ಕು ಸೂಚಕಗಳಿಗೆ ತಲಾ 1/6. ಅಡುಗೆ ಉರುವಲು, ಶೌಚಾಲಯ, ಕುಡಿಯುವ ನೀರು, ವಿದ್ಯುತ್, ಮನೆ, ಸ್ವತ್ತು ಈ ಆರಕ್ಕೆ ತಲಾ 1/18. ಮನೆಯಲ್ಲಿ ಇಲ್ಲದವುಗಳ ತೂಕ ಒಟ್ಟು 1/3 ಮುಟ್ಟಿದರೆ ಬಡ ಕುಟುಂಬ. ಒಂದು ಮನೆಯಲ್ಲಿ ಸೌದೆ ಒಲೆ, ಶೌಚಾಲಯವಿಲ್ಲ, ನೀರು ದೂರ ಅಂದುಕೊಳ್ಳಿ. ಸೇರಿಸಿದರೆ 1/6 ಅಷ್ಟೇ, ಬಡ ಕುಟುಂಬವಲ್ಲ. (ವಿಚಿತ್ರ ಅನಿಸುತ್ತೆ, ಆದರೆ ನಿಯಮ ಹಾಗಿದೆ.) ಅದೇ ಮನೆಯ ಮಗು ಶಾಲೆ ಬಿಟ್ಟರೆ 1/3 ಆಯ್ತು. ಸಂಬಳ ಅಷ್ಟೇ ಇದ್ದರೂ ಬಡ ಕುಟುಂಬ.

ಆಮೇಲೆ ಎರಡರಲ್ಲೂ ಮನೆಗಳನ್ನಲ್ಲ, ಜನರನ್ನು ಎಣಿಸಿ.

ವಿಶ್ವ ಬ್ಯಾಂಕಿನ ದಿನಕ್ಕೆ 3 ಡಾಲರ್ ರೇಖೆ ಬಳಸಿದ್ದರೆ ಸುಮ್ನೆ ಮಾರುಕಟ್ಟೆ ವಿನಿಮಯ ದರದಿಂದ ಗುಣಿಸಬೇಡಿ. ಅದು 2021ರ ಕೊಳ್ಳುವ ಶಕ್ತಿಯ ಲೆಕ್ಕದ ಡಾಲರ್, ಅಂದರೆ ದೇಶ ದೇಶಗಳ ಬೆಲೆ ವ್ಯತ್ಯಾಸ ಸರಿಹೊಂದಿಸಿದ್ದು.

ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಅಳಿಸಬೇಡಿ. ನಾಲ್ಕು ಚೌಕದ ಕೋಷ್ಟಕ ಹಾಕಿ: ಎರಡರಲ್ಲೂ ಬಡವರು, ಆದಾಯದಲ್ಲಿ ಮಾತ್ರ, ಸೂಚ್ಯಂಕದಲ್ಲಿ ಮಾತ್ರ, ಯಾವುದರಲ್ಲೂ ಅಲ್ಲ. ವರದಿಯಲ್ಲಿ ಮೂರನೆಯ ಗುಂಪಿನ ಬಗ್ಗೆ ಜಾಸ್ತಿ ಬರೆಯಿರಿ.