ಬೀಚಿನಲ್ಲಿ ಕೂತರೆ ಸಾಲದಾ? ಹಳೇ ಬಂದರಿನ ಬೀದಿಗಳಲ್ಲಿ ಸಂಜೆ ಯಾಕೆ ಸುತ್ತಬೇಕು?

ನಿಮ್ಮ ಪ್ರಶ್ನೆ ಇದು: ಕಡಲ ದಡದ ಹಳೇ ಊರುಗಳಿಗೆ ಹೊರಟರೆ ಎಲ್ಲರೂ "ಸಂಜೆ ಹಳೇ ಪೇಟೆಯಲ್ಲಿ ಒಂದು ಸುತ್ತು ಹಾಕಿ" ಅನ್ನುತ್ತಾರೆ, ಅದರಲ್ಲಿ ಅಂಥದ್ದೇನಿದೆ, ಬೀಚಿನಲ್ಲಿ ಕೂತು ಸೂರ್ಯ ಮುಳುಗೋದು ನೋಡಿದರೆ ಸಾಲದಾ?

ಸಾಲದು ಅನ್ನೋದೇ ನನ್ನ ಉತ್ತರ. ಬೀಚಿನಲ್ಲಿ ನಿಮಗೆ ಸಮುದ್ರ ಸಿಗುತ್ತದೆ, ಅಷ್ಟೇ. ಹಳೇ ಬಂದರಿನ ಬೀದಿಗಳಲ್ಲಿ ಸಮುದ್ರದ ಜೊತೆ ಏಗಿಕೊಂಡು ಬದುಕಲು ಜನ ಏನೆಲ್ಲ ಮಾಡಿಕೊಂಡರು ಅನ್ನೋದೂ ಸಿಗುತ್ತದೆ. ಹಗಲಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಬಿಸಿಲು, ಗಾಡಿಗಳ ಸದ್ದು, ಅಂಗಡಿಗಳ ಗದ್ದಲದಲ್ಲಿ ನಮ್ಮ ಗಮನ ಅಲ್ಲೇ ಮುಗಿದುಹೋಗುತ್ತದೆ. ಬಿಸಿಲು ಇಳಿಯಲಿ, ಆಮೇಲೆ ನೋಡಿ.

ಮೊದಲು ಗಾಳಿ. ಹಗಲಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲೆದ್ದ ಹಾಗೆ ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಮಧ್ಯಾಹ್ನ ಜೋರಾಗಿ ಬೀಸುವ ಈ ಗಾಳಿ ಸಂಜೆಗೆ ಹದಕ್ಕೆ ಬರುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ದಿಕ್ಕೇ ತಿರುಗಿ, ಊರಿನಿಂದ ಸಮುದ್ರದ ಕಡೆಗೆ ಬೀಸಲು ಶುರುವಾಗುತ್ತದೆ. ಈ ಎರಡರ ನಡುವೆ ಸ್ವಲ್ಪ ಹೊತ್ತು ಗಾಳಿ ಬಹುತೇಕ ನಿಂತುಬಿಡುತ್ತದೆ. ಬಯಲಲ್ಲಿ ಗಾಳಿಯ ಈ ಆಟ ಗಮನಕ್ಕೇ ಬರುವುದಿಲ್ಲ. ಬೀದಿಗಳಲ್ಲಿ ಚೆನ್ನಾಗಿ ಬರುತ್ತದೆ, ಯಾಕೆಂದರೆ ಒಂದು ಓಣಿಯಲ್ಲಿ ಬೆವರುತ್ತಿರುತ್ತೀರಿ, ಮೂಲೆ ತಿರುಗಿದ ತಕ್ಷಣ ಅಂಗಿ ಹಾರುತ್ತದೆ. ಆ ಬೀದಿ ನೇರ ನೀರಿನ ಕಡೆಗೆ ಹೋಗುತ್ತಿದೆ ಅಂತ ಮೈಗೇ ತಿಳಿಯುತ್ತದೆ. ನಕ್ಷೆ ನೋಡಬೇಕಾಗಿಲ್ಲ.

ಈ ಗಾಳಿಗಾಗಿಯೇ ಕಟ್ಟಿದ ಮನೆಗಳನ್ನು ನೋಡಬೇಕಾದರೆ ಅಮೆರಿಕದ ಚಾರ್ಲ್‌ಸ್ಟನ್‌ನ ಹಳೇ ಪೇಟೆ ನೋಡಬೇಕು. 1670ರಲ್ಲಿ ಶುರುವಾದ ಊರು ಅದು. ಅಲ್ಲಿನ ಹಳೇ ಮನೆಗಳು ಬೀದಿಗೆ ಅಡ್ಡಡ್ಡ ನಿಂತಿರುತ್ತವೆ. ಒಂದೇ ಕೋಣೆಯಷ್ಟು ಅಗಲ, ಉದ್ದ ಮಾತ್ರ ಹಿತ್ತಲಿನವರೆಗೆ. ಉದ್ದದ ಬದಿಗೆ ಮಹಡಿ ಮಹಡಿಗೂ ಜಗಲಿ, ಅದೂ ಸಾಮಾನ್ಯವಾಗಿ ದಕ್ಷಿಣಕ್ಕೋ ಪಶ್ಚಿಮಕ್ಕೋ, ಗಾಳಿ ಬರುವ ಕಡೆಗೆ. ಬೀದಿಯಲ್ಲಿ ಕಾಣುವ ಮುಂಬಾಗಿಲು ತೆಗೆದರೆ ಮನೆಯೊಳಗೆ ಹೋಗುವುದಿಲ್ಲ, ಆ ಜಗಲಿಗೆ ಹೋಗುತ್ತದೆ! ನನಗೆ ಇದು ಬಹಳ ಇಷ್ಟ. ಅದೇ ಗೋಡೆಗಳ ಮೇಲೆ ಅಲ್ಲಲ್ಲಿ ಕಬ್ಬಿಣದ ಬಿಲ್ಲೆಗಳು ಕಾಣುತ್ತವೆ. 1886ರ ಭೂಕಂಪದಲ್ಲಿ ಬಿರುಕು ಬಿಟ್ಟ ಗೋಡೆಗಳನ್ನು ಉದ್ದನೆಯ ಕಂಬಿ ಹಾಕಿ ಬಿಗಿದಿದ್ದಾರೆ, ಆ ಕಂಬಿಗಳ ತುದಿ ಅವು. ಇಳಿಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಬಿಲ್ಲೆಗೂ ಉದ್ದನೆ ನೆರಳು ಬಂದು, ಮಧ್ಯಾಹ್ನ ಕಣ್ಣಿಗೇ ಬೀಳದಿದ್ದದ್ದು ಎದ್ದು ಕಾಣುತ್ತದೆ. ಕಿತ್ತುಹೋದ ಗಾರೆ, ಮುಚ್ಚಿದ ಕಿಟಕಿಯ ಗುರುತು, ಎತ್ತರ ಹೆಚ್ಚಿಸಿದ ಮೆಟ್ಟಿಲು, ಎಲ್ಲವೂ ಹಾಗೇ.

ಗೋಡೆಯನ್ನು ಸುಮ್ನೆ ಒಮ್ಮೆ ಮುಟ್ಟಿಯೂ ನೋಡಿ. ಪಡುವಣ ಬಿಸಿಲು ಬಿದ್ದ ದಪ್ಪ ಕಲ್ಲಿನ ಗೋಡೆ ಕತ್ತಲಾದ ಮೇಲೂ ಬೆಚ್ಚಗಿರುತ್ತದೆ. ಎದುರು ಬದಿಯ ಗೋಡೆ ಆಗಲೇ ತಣ್ಣಗಾಗಿರುತ್ತದೆ. ಆಫ್ರಿಕಾದ ಪೂರ್ವ ದಡದ ಜಾಂಜಿಬಾರ್ ದ್ವೀಪದ ಹಳೇ ಪೇಟೆ ಸ್ಟೋನ್ ಟೌನ್‌ನಂಥ ಊರುಗಳಲ್ಲಿ ಮನೆಗಳನ್ನು ಹವಳದ ಕಲ್ಲಿನಲ್ಲೇ ಕಟ್ಟಿದ್ದಾರೆ. ಸಮುದ್ರದಿಂದ ಬಂದ ಕಲ್ಲು, ಮೇಲೆ ಸುಣ್ಣದ ಗಾರೆ. ಓಣಿಗಳು ಎಷ್ಟು ಇಕ್ಕಟ್ಟು ಅಂದರೆ ಮನೆಗಳು ಒಂದಕ್ಕೊಂದು ನೆರಳಾಗುತ್ತವೆ.

ಇನ್ನು ಬೆಳಕು. ಇಲ್ಲಿ ಒಂದು ಮಾತು ಹೇಳಲೇಬೇಕು. ಸೂರ್ಯ ಸಮುದ್ರದಲ್ಲಿ ಮುಳುಗಿದರೆ ಮಾತ್ರ ಸಂಜೆ ಚೆಂದ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಪಶ್ಚಿಮದ ದಡದಲ್ಲಿ, ಅಂದರೆ ಕೊಚ್ಚಿ ಕೋಟೆಯಂಥ ಕಡೆ, ಚೀನೀ ಮೀನು ಬಲೆಗಳ ಹಿಂದೆ ಸೂರ್ಯ ಇಳಿಯೋದು ನೋಡಲು ನಿಜಕ್ಕೂ ಸೊಗಸು, ಎಲ್ಲರೂ ಅಲ್ಲೇ ಸೇರುತ್ತಾರೆ. ಆದರೆ ನನ್ನ ಮನಸ್ಸು ಪುದುಚೇರಿಯಂಥ ಪೂರ್ವ ದಡದ ಊರುಗಳ ಕಡೆಗೇ ವಾಲುತ್ತದೆ. ಅಲ್ಲಿ ಸೂರ್ಯ ಊರಿನ ಹಿಂದೆ ಮುಳುಗುತ್ತಾನೆ. ಸಮುದ್ರದ ಕಡೆ ತಿರುಗಿ ನಿಂತರೆ, ಮೋಡ ಇಲ್ಲದ ದಿನ, ನೀರಿನ ಅಂಚಿನಿಂದ ನೀಲಿ ಬೂದು ಬಣ್ಣದ ಪಟ್ಟಿಯೊಂದು ಮೆಲ್ಲಗೆ ಮೇಲೇರುತ್ತದೆ. ಅದರ ಮೇಲೆ ತೆಳು ಗುಲಾಬಿ ಬಣ್ಣ. ಆ ನೀಲಿ ಪಟ್ಟಿ ಬೇರೇನೂ ಅಲ್ಲ, ನಾವು ನಿಂತಿರುವ ಭೂಮಿಯ ನೆರಳು! ಎದುರಿಗೆ ಅಡ್ಡ ಇಲ್ಲದ ಸಮುದ್ರ ಇರುವುದರಿಂದ ಬುಡದಿಂದಲೇ ಕಾಣುತ್ತದೆ. ಹುಣ್ಣಿಮೆಯ ದಿನವಾದರೆ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ಕಡೆಯಿಂದ ಚಂದ್ರ ಹುಟ್ಟುತ್ತಾನೆ. ಪುದುಚೇರಿಯಲ್ಲಿ ಸಂಜೆಯಾದ ಮೇಲೆ ಕಡಲ ಪಕ್ಕದ ರಸ್ತೆಗೆ ವಾಹನ ಬಿಡುವುದಿಲ್ಲ, ಹಾಗಾಗಿ ಹಾರ್ನ್ ಸದ್ದಿಲ್ಲದೆ ರಸ್ತೆ ನಡುವೆಯೇ ನಿಂತು ಇದನ್ನೆಲ್ಲ ನೋಡಬಹುದು.

ಹೊತ್ತಿನ ಲೆಕ್ಕ ಮಾತ್ರ ಇಟ್ಟುಕೊಳ್ಳಿ. ಸಮಭಾಜಕ ವೃತ್ತದ ಹತ್ತಿರದ ಊರುಗಳಲ್ಲಿ ಸೂರ್ಯ ನೆಟ್ಟಗೆ ಕೆಳಗಿಳಿಯುವುದರಿಂದ ಬೇಗ ಕತ್ತಲಾಗುತ್ತದೆ. ಒಳ್ಳೆ ಬೆಳಕು ಉಳಿಯೋದು ಇಪ್ಪತ್ತು ಚಿಲ್ಲರೆ ನಿಮಿಷ. ಉತ್ತರಕ್ಕೆ ಹೋದಷ್ಟೂ ಮುಸ್ಸಂಜೆ ಉದ್ದವಾಗುತ್ತದೆ. ನಾನಂತೂ ಊರಿನ ಒಳಗಿನಿಂದ ನಡಿಗೆ ಶುರು ಮಾಡಿ, ಸೂರ್ಯ ಮುಳುಗುವ ಹೊತ್ತಿಗೆ ನೀರಿನ ಹತ್ತಿರ ತಲುಪಿ, ದೀಪ ಹತ್ತಿದ ಮೇಲೆ ಬೇರೆ ಬೀದಿಯಲ್ಲಿ ವಾಪಸ್ ಬರುತ್ತೇನೆ. ನೀರಿನಿಂದ ಶುರು ಮಾಡಿದರೆ ಒಳ್ಳೆ ಬೆಳಕು ಇರುವಾಗ ನೀವು ಯಾವುದೋ ಓಣಿಯೊಳಗೆ ಇರುತ್ತೀರಿ.

ಉಬ್ಬರ ಇಳಿತವನ್ನೂ ಮರೆಯಬೇಡಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಈ ವಾರ ಸಂಜೆ ಧಕ್ಕೆಯ ಮೆಟ್ಟಿಲು ಮುಳುಗಿದ್ದರೆ, ಮುಂದಿನ ವಾರ ಅದೇ ಹೊತ್ತಿಗೆ ಪಾಚಿ ಹಿಡಿದ ಕಲ್ಲು, ಕೆಸರು, ವಾಲಿದ ದೋಣಿ ಕಾಣಬಹುದು. ವಾಸನೆಯೂ ಬೇರೆ. ಚಾರ್ಲ್‌ಸ್ಟನ್‌ನಲ್ಲಿ ದೊಡ್ಡ ಉಬ್ಬರದ ದಿನ ಮಳೆ ಇಲ್ಲದೆಯೂ ಕೆಲವು ಬೀದಿಗಳಲ್ಲಿ ನೀರು ಬರುತ್ತದೆ. ಹಿಂದೆ ತೊರೆ ಇದ್ದ ಜಾಗ ತುಂಬಿಸಿ ಅಲ್ಲಿ ಊರು ಕಟ್ಟಿದ್ದಾರೆ. ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಒಂದು ಕಾಲಕ್ಕೆ ದಡವೇ ಆಗಿತ್ತು, ಈಗ ಅಲ್ಲಿಂದ ಕೆಲವು ಬೀದಿ ದಾಟಿದರೆ ನೀರು. ನಡೆಯುತ್ತಾ ನಡೆಯುತ್ತಾ ಹಳೇ ದಡ ಎಲ್ಲಿತ್ತು ಅಂತ ಹುಡುಕುವುದರಲ್ಲೇ ನನಗೆ ಹೊತ್ತು ಹೋಗಿದ್ದು ತಿಳಿಯುವುದಿಲ್ಲ.

ಇಷ್ಟೆಲ್ಲ ಚೆಂದ ಹೇಳಿ ಇನ್ನೊಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಇಂಥ ಬಹಳಷ್ಟು ಬಂದರುಗಳು ಕಟ್ಟಿಕೊಂಡ ಸಂಪತ್ತು ಒಳ್ಳೆಯ ದಾರಿಯದ್ದಲ್ಲ. ಚಾರ್ಲ್‌ಸ್ಟನ್‌ನಲ್ಲಿ ಎಲ್ಲರೂ ಫೋಟೊ ತೆಗೆಯುವ ಚಾಮರ್ಸ್ ಸ್ಟ್ರೀಟ್ ಅನ್ನುವ ಉರುಟು ಕಲ್ಲಿನ ಬೀದಿಯಲ್ಲೇ, 1859ರಲ್ಲಿ ಗುಲಾಮರ ಮಾರಾಟಕ್ಕೆ ಕಟ್ಟಿದ ಕಟ್ಟಡ ಇದೆ. ಈಗ ಅದು ಮ್ಯೂಸಿಯಂ. ಜಾಂಜಿಬಾರಿನ ಗುಲಾಮರ ಸಂತೆ 1873ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಚರ್ಚ್ ಇದೆ. ಇವನ್ನು ತಿಳಿದುಕೊಂಡೇ ನಡೆಯಿರಿ ಅನ್ನುತ್ತೇನೆ. ಸಂಜೆಯ ಖುಷಿ ಕಡಿಮೆಯಾಗುತ್ತದೆ ಅಂತಲ್ಲ, ನೋಡುವ ಕಣ್ಣು ಪ್ರಾಮಾಣಿಕವಾಗಿರುತ್ತದೆ. ಅಂಥ ಕಟ್ಟಡದ ಮುಂದೆ ನಿಂತು ಫಲಕ ಪೂರ್ತಿ ಓದಿ.

ಅಂಗಡಿ ಸುತ್ತುವುದು ನಿಮ್ಮ ಇಷ್ಟ. ಕಾಲಿಗೆ ಒಳ್ಳೆ ಚಪ್ಪಲಿ ಇರಲಿ, ಹಳೇ ಕಲ್ಲುಹಾಸು ತೇವ ಇದ್ದರೆ ಜಾರುತ್ತದೆ. ಇವು ಜನ ವಾಸ ಮಾಡುವ ಬೀದಿಗಳು, ಸಂಜೆ ಕಿಟಕಿಗಳು ತೆರೆದಿರುತ್ತವೆ, ಒಳಗೆ ಇಣುಕಬೇಡಿ, ಬಾಗಿಲ ಮೆಟ್ಟಿಲ ಮೇಲೆ ಫೋಟೊಗೆ ಕೂರಬೇಡಿ.

ಎಲ್ಲಿಂದ ಶುರು ಮಾಡಲಿ ಅಂದರೆ, ನಮಗೆ ಹತ್ತಿರದಲ್ಲಿ ಶ್ರೀಲಂಕಾದ ಗಾಲ್ ಕೋಟೆ ಹೇಳುತ್ತೇನೆ. ಪೋರ್ಚುಗೀಸರು ಶುರು ಮಾಡಿದ್ದನ್ನು 1663ರಿಂದ ಡಚ್ಚರು ಗಟ್ಟಿಯಾಗಿ ಕಟ್ಟಿದರು. 2004ರ ಸುನಾಮಿಯಲ್ಲಿ ಹೊರಗಿನ ಹೊಸ ಊರು ಹಾಳಾದರೂ ಈ ಗೋಡೆಗಳ ಒಳಗಿನ ಊರು ಹೆಚ್ಚಾಗಿ ಉಳಿದುಕೊಂಡಿತು. ಅದೇ ಗೋಡೆಯ ಮೇಲೆ ಸಂಜೆ ನಡೆಯಬಹುದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೆಂಚಿನ ಮಾಡುಗಳು, ತುದಿಯಲ್ಲಿ ಲೈಟ್‌ಹೌಸ್. ಅದರ ಬೆಳಕು ಎಷ್ಟು ಹೊತ್ತಿಗೊಮ್ಮೆ ಮಿನುಗುತ್ತದೆ ಅಂತ ಎಣಿಸಿ ನೋಡಿ. ಪ್ರತಿ ಲೈಟ್‌ಹೌಸಿಗೂ ತನ್ನದೇ ಲಯ ಕೊಟ್ಟಿರುತ್ತಾರೆ, ದೂರದ ಹಡಗಿನವರಿಗೆ ಇದು ಯಾವ ಊರು ಅಂತ ಗೊತ್ತಾಗಲಿ ಅಂತ. ಒಂದೇ ಸಂಜೆ ಇದ್ದರೆ ಗೋಡೆಯ ಮೇಲೆ ಹೋಗಿ. ಎರಡು ಸಂಜೆ ಇದ್ದರೆ ಮೊದಲ ದಿನ ಒಳಗಿನ ಬೀದಿಗಳು, ಎರಡನೇ ದಿನ ಗೋಡೆ. ಮೊದಲ ದಿನ ಯಾವ ಬೀದಿಯಲ್ಲಿ ಸಮುದ್ರದ ಗಾಳಿ ಮುಖಕ್ಕೆ ಬಡಿದಿತ್ತೋ ಅದನ್ನು ಮೇಲಿನಿಂದ ಹುಡುಕಿ.