ರಜಾ ಅರ್ಜಿಯಿಂದಲೇ ಶುರು ಮಾಡಿ, ಟೀಚರೇ

ನಮಸ್ಕಾರ ಟೀಚರೇ,

ಇಂಗ್ಲಿಷ್ ವ್ಯಾಕರಣದ ಮೇಲೆ ನೀವು ಬರೆದ ‘ಹ್ಯಾವ್ ಬೀನ್ ಬಳಸುವುದು ಹೇಗೆ?’ ಎಂಬ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಮೂರನೇ ಪುಟಕ್ಕೆ ನಿದ್ದೆ ಬಂತು. ಎರಡನೇ ಸಲ ಹಟ ಹಿಡಿದು ಓದಿದಾಗ ಏಳನೇ ಪುಟಕ್ಕೆ ಎಚ್ಚರ ಆಯಿತು. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕಲಿಕ್ಕೆ ಆಗುವುದಿಲ್ಲ. ಆದರೆ ಆ ಏಳನೇ ಪುಟವನ್ನು ಸುಮ್ನೆ ಬಿಡಲು ಮನಸ್ಸಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲು ನಿದ್ದೆಯ ವಿಷಯ ಮುಗಿಸುವ.

ನೀವು ಬಾಸೆಲ್ ಮಿಷನ್ನಿನಿಂದ ಶುರು ಮಾಡಿದ್ದೀರಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರಿನಲ್ಲಿ ಹೊರಟದ್ದು, 1894ರಲ್ಲಿ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಇದೇ ಊರಿನಲ್ಲಿ ಅಚ್ಚಾದದ್ದು, ಎಲ್ಲ ನಿಜ. ನಮಗೆ ಹೆಮ್ಮೆಯೂ ಉಂಟು. ಆದರೆ ‘ಬೀನ್’ಗೂ ಅದಕ್ಕೂ ಎಂತ ಸಂಬಂಧ ಮಾರಾಯ್ರೆ? ಎಲೆ ಹಾಕಿ ಕೂರಿಸಿ ಅರ್ಧ ಗಂಟೆ ಬರೀ ಉಪ್ಪು ಬಡಿಸಿದ ಹಾಗಾಯಿತು. ಆ ಒಂದೂವರೆ ಪುಟ ತೆಗೆಯಿರಿ.

ಆಮೇಲೆ ಒಂದು ಪಟ್ಟಿ ಬರುತ್ತದೆ. ‘ಹ್ಯಾವ್ ಅಂದರೆ ಹೊಂದು, ಬೀನ್ ಅಂದರೆ ಇದ್ದ, ಆದ್ದರಿಂದ ಹ್ಯಾವ್ ಬೀನ್ ಅಂದರೆ ಇದ್ದುದನ್ನು ಹೊಂದಿದ್ದೇನೆ’ ಎಂದು ಬರೆದಿದ್ದೀರಿ. ಈ ಕನ್ನಡವನ್ನು ಯಾವ ಮನೆಯಲ್ಲಿ ಮಾತಾಡುತ್ತಾರೆ? ಇಲ್ಲಿ ‘ಹ್ಯಾವ್’ಗೆ ಹೊಂದುವ ಕೆಲಸವೇ ಇಲ್ಲ. ಅದು ಇನ್ನೊಂದು ಕ್ರಿಯಾಪದಕ್ಕೆ ಕೈಜೋಡಿಸಲು ಬಂದದ್ದು. ನಮ್ಮಲ್ಲೂ ಅಂಥವು ಬೇಕಾದಷ್ಟು ಇವೆ. ‘ತಿಂದು ನೋಡು’ ಅಂದರೆ ಯಾರೂ ಕಣ್ಣಿಂದ ನೋಡುವುದಿಲ್ಲ. ‘ಹೇಳಿಬಿಡು’ ಅಂದಾಗ ಏನನ್ನೂ ಬಿಡುವುದಿಲ್ಲ. ಇಷ್ಟು ಹೇಳಿದರೆ ಓದುವವರಿಗೆ ತಟ್ಟನೆ ಹೊಳೆಯುತ್ತದೆ. ಪಟ್ಟಿ ಬೇಡ.

ಈಗ ಏಳನೇ ಪುಟ. ಅಲ್ಲಿ ನಿಮ್ಮ ಎಂಟನೇ ಕ್ಲಾಸಿನ ಹುಡುಗ ಬಂದ. ಬರೆಯುವ ಪುಸ್ತಕದಿಂದ ಹರಿದ ಹಾಳೆ, ಮೂಲೆಯಲ್ಲಿ ಗಂಜಿ ಬಿದ್ದ ಕಲೆ, ಅದರಲ್ಲಿ ರಜಾ ಅರ್ಜಿ: ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್’. ನೀವು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದಿರಿ. ಹುಡುಗ ಕೇಳಿದ, “ಟೀಚರ್, ಜ್ವರ ಈಗಲೂ ಉಂಟಲ್ಲ, ಮತ್ತೆ ‘ಆ್ಯಮ್’ ಯಾಕೆ ತಪ್ಪು?”

ಹದಿಮೂರು ಪುಟದಲ್ಲಿ ಇಷ್ಟು ಒಳ್ಳೆಯ ಮಾತು ಇನ್ನೊಂದಿಲ್ಲ. ನೀವು ‘ನಿಯಮ ಹಾಗೆ’ ಎಂದು ಎರಡೇ ಪದದಲ್ಲಿ ಅವನನ್ನು ಕೂರಿಸಿ ಮುಂದೆ ಹೋದಿರಿ. ನನಗೆ ಸಿಟ್ಟು ಬಂದದ್ದು ಅಲ್ಲೇ.

ಹುಡುಗ ದಡ್ಡನಲ್ಲ. ಮನೆಯಲ್ಲಿ ಆಡುವ ಮಾತನ್ನು ಪ್ರಾಮಾಣಿಕವಾಗಿ ಇಂಗ್ಲಿಷಿಗೆ ತಂದಿದ್ದಾನೆ. ‘ಎರಡು ದಿನದಿಂದ ಜ್ವರ ಇದೆ’ ಅನ್ನುತ್ತೇವೆ. ‘ಇದೆ’ ಅಂದರೆ ಈಗ. ಹಿಂದಿನ ಎರಡು ದಿನವನ್ನು ‘ದಿನದಿಂದ’ ಅನ್ನುವ ಪದವೇ ಹೇಳಿಬಿಡುತ್ತದೆ, ಕ್ರಿಯಾಪದ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಮೊನ್ನೆ ಶುರುವಾಗಿ ಇವತ್ತೂ ಬಿಡದ ಜ್ವರವನ್ನು ಕ್ರಿಯಾಪದವೇ ತೋರಿಸಬೇಕು. ‘ಆ್ಯಮ್ ಸಫರಿಂಗ್’ ಅಂದರೆ ಈ ಹೊತ್ತಿನ ಮಾತು ಮಾತ್ರ. ‘ಹ್ಯಾವ್ ಬೀನ್ ಸಫರಿಂಗ್’ ಅಂದರೆ ಮೊನ್ನೆಯಿಂದ ಈ ಹೊತ್ತಿನವರೆಗೂ ಅಂತ.

‘ಸಿನ್ಸ್’ ತಪ್ಪಿದ್ದಕ್ಕೂ ಕಾರಣ ನಮ್ಮ ಮಾತಿನಲ್ಲೇ ಇದೆ. ‘ಸೋಮವಾರದಿಂದ’ ಅನ್ನುತ್ತೇವೆ, ‘ಎರಡು ದಿನದಿಂದ’ ಅಂತಲೂ ಅನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಯಾವಾಗ ಶುರುವಾಯಿತು ಅಂತ ಹೇಳಿದರೆ ‘ಸಿನ್ಸ್ ಮಂಡೇ’, ಎಷ್ಟು ದಿನ ಆಯಿತು ಅಂತ ಹೇಳಿದರೆ ‘ಫಾರ್ ಟೂ ಡೇಸ್’. ನೀವು ಇದನ್ನು ಬ್ರಾಕೆಟ್ಟಿನಲ್ಲಿ ಹಾಕಿದ್ದೀರಿ! ಇದು ಒಂದು ಪುಟ ಬರೆಯಬೇಕಾದ ಸಂಗತಿ. ನಮ್ಮ ಅರ್ಧ ಊರು ಆಫೀಸಿನ ಮೇಲ್‌ಗಳಲ್ಲಿ ದಿನಾ ಮಾಡುವ ತಪ್ಪು ಇದೇ ಅಲ್ವಾ?

ಇನ್ನೊಂದು ಜಾಗವನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ. ‘ಹ್ಯಾಸ್ ಬೀನ್ ಟು’, ‘ಹ್ಯಾಸ್ ಗಾನ್ ಟು’ ಎರಡಕ್ಕೂ ‘ಹೋಗಿದ್ದಾರೆ’ ಎಂಬ ಅರ್ಥ ಕೊಟ್ಟಿದ್ದೀರಿ. ಇದರಲ್ಲಿ ನಾನೇ ಪೆಟ್ಟು ತಿಂದವ. ಕೆಲಸಕ್ಕೆ ಸೇರಿದ ಹೊಸತು, ಹಂಪನಕಟ್ಟೆಯ ಹತ್ತಿರ ಒಂದು ಪ್ರೆಸ್ಸು. ಇಂಗ್ಲೆಂಡಿನ ಒಬ್ಬರು ನಮ್ಮ ಯಜಮಾನರನ್ನು ಕೇಳಿಕೊಂಡು ಬಂದರು. ಯಜಮಾನರು ಬೆಳಗ್ಗೆಯೇ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಣಿಪಾಲಕ್ಕೆ ಹೋಗಿದ್ದರು. ನಾನು ಎದೆಯುಬ್ಬಿಸಿ ‘ಹಿ ಹ್ಯಾಸ್ ಬೀನ್ ಟು ಮಣಿಪಾಲ್, ಸರ್’ ಅಂದೆ. ಅವರು ‘ಓ, ಗುಡ್’ ಎಂದು ಕೂತರು. ಒಂದು ಚಾ ಆಯಿತು. ಗೋಳಿಬಜೆ ತರಿಸಿದೆ. ಇನ್ನೊಂದು ಚಾ ಆಯಿತು. ಆಗಾಗ ಒಳಗಿನ ಕೋಣೆಯ ಬಾಗಿಲು ನೋಡುತ್ತಿದ್ದರು. ನನಗೆ ಅರ್ಥವಾಗಲಿಲ್ಲ. ಯಜಮಾನರು ಬಂದದ್ದು ಸಂಜೆ ಐದೂವರೆಗೆ, ಅದೂ ಹೊರಗಿನ ಬಾಗಿಲಿನಿಂದ. ನನ್ನ ಮಾತು ಆ ಮನುಷ್ಯರ ಕಿವಿಗೆ ‘ಮಣಿಪಾಲಕ್ಕೆ ಹೋಗಿ ಬಂದಿದ್ದಾರೆ’ ಅಂತ ಬಿದ್ದಿತ್ತು. ಒಳಗೇ ಇದ್ದಾರೆ, ಈಗ ಕರೆಯುತ್ತಾರೆ ಎಂದು ಕಾದಿದ್ದರು ಪಾಪ. ‘ಹ್ಯಾಸ್ ಗಾನ್’ ಅಂದಿದ್ದರೆ ಪಣಂಬೂರಿನ ಕಡಲನ್ನಾದರೂ ನೋಡಿಕೊಂಡು ಬರುತ್ತಿದ್ದರು.

ತಪ್ಪಿದ್ದು ಎಲ್ಲಿ ಅಂದರೆ, ಕನ್ನಡದ ‘ಹೋಗಿದ್ದಾರೆ’ ಎರಡೂ ಕಡೆಗೆ ಸಲ್ಲುತ್ತದೆ. “ಭಟ್ರು ಎಲ್ಲಿ?” ಎಂದು ಕೇಳಿದಾಗ “ಉಡುಪಿಗೆ ಹೋಗಿದ್ದಾರೆ” ಅಂದರೆ ಇಲ್ಲಿಲ್ಲ. “ಭಟ್ರಿಗೆ ಉಡುಪಿ ಗೊತ್ತುಂಟಾ?” ಎಂದು ಕೇಳಿದಾಗ “ಎಷ್ಟೋ ಸಲ ಹೋಗಿದ್ದಾರೆ” ಅಂದರೆ ಹೋಗಿ ಬಂದಿದ್ದಾರೆ. ನಾವು ಪ್ರಶ್ನೆ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿನವರು ಪದ ನೋಡಿ ತಿಳಿದುಕೊಳ್ಳುತ್ತಾರೆ. ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಅನ್ನಲು ನಮ್ಮ ಅಜ್ಜಿಯಂದಿರು ಬಿಡುವುದಿಲ್ಲ, ‘ಹೋಗಿ ಬರ್ತೇನೆ’ ಅನ್ನಿಸುತ್ತಾರೆ. ‘ಬೀನ್ ಟು’ ಒಳಗೆ ಆ ‘ಬಂದದ್ದೂ’ ಸೇರಿದೆ ಎಂದು ಬರೆದರೆ ಮಕ್ಕಳು ಮರೆಯುವುದಿಲ್ಲ.

ಒಂದು ತಪ್ಪು ನಿಮ್ಮದೇ ಇದೆ. ಒಂಬತ್ತನೇ ಪುಟದಲ್ಲಿ ಉದಾಹರಣೆ ಎಂದು ‘ಐ ಹ್ಯಾವ್ ಬೀನ್ ಟು ಉಡುಪಿ ಲಾಸ್ಟ್ ಸಂಡೇ’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ‘ಕಳೆದ ಭಾನುವಾರ ಹೋಗಿದ್ದೇನೆ’ ಅನ್ನಬಹುದು. ಇಂಗ್ಲಿಷಿನಲ್ಲಿ ಮುಗಿದ ದಿನವನ್ನು ಹೆಸರು ಹಿಡಿದು ಹೇಳಿದ ಮೇಲೆ ‘ಹ್ಯಾವ್’ ನಿಲ್ಲುವುದಿಲ್ಲ, ‘ಐ ವೆಂಟ್’ ಆಗಬೇಕು. ಅದರ ಬದಲು ಉಡುಪಿ ಕೃಷ್ಣ ಮಠದ ಪರ್ಯಾಯ ಉತ್ಸವದ ಉದಾಹರಣೆ ಕೊಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುತ್ತದೆ, ಜನ ಲೆಕ್ಕ ಇಟ್ಟುಕೊಂಡು ಮಾತಾಡುತ್ತಾರೆ. ಮೂರು ಪರ್ಯಾಯಕ್ಕೆ ಹೋಗಿದ್ದೇನೆ ಅನ್ನಲು ‘ಹ್ಯಾವ್ ಬೀನ್’ ಸರಿ. 2024ರ ಪರ್ಯಾಯಕ್ಕೆ ಹೋಗಿದ್ದೆ ಅನ್ನಲು ‘ವೆಂಟ್’.

ನೀವು ತುಳುವನ್ನು ಮರೆತದ್ದು ನನಗೆ ಬೇಜಾರು. ನಿಮ್ಮ ಕ್ಲಾಸಿನಲ್ಲಿ ಜಾಸ್ತಿ ಮಕ್ಕಳು ತುಳು ಮನೆಯವರೇ ಅಂತ ನೀವೇ ಬರೆದಿದ್ದೀರಿ. ‘ಆರ್ ಬತ್ತೆರ್’ ಅಂದರೆ ಬಂದರು, ‘ಆರ್ ಬೈದೆರ್’ ಅಂದರೆ ಬಂದಿದ್ದಾರೆ. ‘ಕೇಮ್’ಗೂ ‘ಹ್ಯಾಸ್ ಕಮ್’ಗೂ ಇರುವ ವ್ಯತ್ಯಾಸ ಆ ಮಕ್ಕಳ ಬಾಯಲ್ಲಿ ಆಗಲೇ ಉಂಟು, ಅದೂ ಒಂದೊಂದೇ ಪದದಲ್ಲಿ. ಅದನ್ನು ಬಿಟ್ಟು ಲಂಡನ್ನಿನ ಜಾನ್ ಮತ್ತು ಸೇಬುಹಣ್ಣು ಯಾಕೆ?

‘ರಸ್ತೆಯು ಮುಚ್ಚಲ್ಪಟ್ಟಿರುತ್ತದೆ’ ಎಂಬಂಥ ಸಾಲುಗಳನ್ನೆಲ್ಲ ಹೊಡೆದು ಹಾಕಿದ್ದೇನೆ. ‘ಹ್ಯಾಸ್ ಬೀನ್ ಕ್ಲೋಸ್ಡ್’ ಅಂದರೆ ‘ರಸ್ತೆ ಬಂದ್ ಮಾಡಿದ್ದಾರೆ’. ಅಷ್ಟೇ. ‘ಹ್ಯಾಡ್ ಬೀನ್’ ಬಗ್ಗೆ ಇರುವ ನಾಲ್ಕು ಪುಟ ತೆಗೆದಿಡಿ, ಅದು ಬೇರೆಯೇ ಲೇಖನ.

ಹದಿಮೂರು ಪುಟವನ್ನು ಐದಕ್ಕೆ ಇಳಿಸಿ ಕಳಿಸಿ. ಗಂಜಿಯ ಕಲೆ ಇರಲಿ. ಹುಡುಗನ ಪ್ರಶ್ನೆ ಮೊದಲ ಪ್ಯಾರಾದಲ್ಲೇ ಬರಲಿ. ಮತ್ತೆ, ಅವನಿಗೆ ರಜೆ ಕೊಟ್ಟಿರಾ ಇಲ್ವಾ? ಅದನ್ನು ನೀವು ಎಲ್ಲೂ ಬರೆದಿಲ್ಲ.

ಇತಿ,
ನಿಮ್ಮ ಸಂಪಾದಕ